ಸ್ಟ್ಯಾಟಿಕ್ಸ್ ಕಲಿತ ಬಗೆ: ಮೊದಲು ಚಿತ್ರ, ಆಮೇಲೆ ಲೆಕ್ಕ

ಇಂಜಿನಿಯರಿಂಗ್ ಮೊದಲ ವರ್ಷ, ಸ್ಟ್ಯಾಟಿಕ್ಸ್‌ನ, ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳನ್ನು ಲೆಕ್ಕ ಹಾಕುವ ವಿಷಯದ, ಮೊದಲ ಪರೀಕ್ಷೆಯಲ್ಲೇ ನಾನು ಫೇಲ್ ಆದೆ. ಓದಿರಲಿಲ್ಲ ಅಂತಲ್ಲ. ಬಿಡಿಸಿಟ್ಟ ಲೆಕ್ಕಗಳನ್ನು ಎರಡೆರಡು ಸಲ ಓದಿದ್ದೆ, ಸೂತ್ರಗಳೆಲ್ಲ ಬಾಯಿಪಾಠ ಆಗಿದ್ದವು. ಆದರೂ ಹೊಸ ಲೆಕ್ಕ ಎದುರಿಗೆ ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ.

ಉತ್ತರ ಪತ್ರಿಕೆ ಕೈಗೆ ಬಂದ ಮೇಲೆ ಒಂದು ಸಂಜೆ ಕೂತು ತಪ್ಪುಗಳನ್ನು ಒಂದೊಂದಾಗಿ ನೋಡಿದೆ. ಕೂಡಿ ಕಳೆಯುವುದರಲ್ಲಿ ತಪ್ಪಿದ್ದು ಒಂದೇ ಕಡೆ. ಉಳಿದದ್ದೆಲ್ಲ ಚಿತ್ರದ ತಪ್ಪು. ಒಂದು ಲೆಕ್ಕದಲ್ಲಿ ಒಂದು ರಿಯಾಕ್ಷನ್, ಅಂದರೆ ಆಧಾರ ವಸ್ತುವಿಗೆ ತಿರುಗಿ ಕೊಡುವ ಬಲ, ಬಿಟ್ಟುಹೋಗಿತ್ತು. ಇನ್ನೊಂದರಲ್ಲಿ ಬೀಮ್ (ಭಾರ ಹೊರುವ ತೊಲೆ) ತನ್ನ ಸಪೋರ್ಟನ್ನು, ಅಂದರೆ ಆಧಾರವನ್ನು, ಒತ್ತುವ ಬಲವನ್ನು ಬೀಮ್ ಮೇಲೆಯೇ ಹಾಕಿದ್ದೆ. ಮೂರನೆಯದರಲ್ಲಿ ಚಿತ್ರವೇ ಇರಲಿಲ್ಲ, ನೇರ ಸಮೀಕರಣ ಬರೆದಿದ್ದೆ.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಗಣಿತ ಜಾಸ್ತಿ ಇಲ್ಲ. ಒಂದು ಸಮತಲದಲ್ಲಿ ವಸ್ತು ಅಲುಗಾಡದೆ ನಿಂತಿದೆ ಅಂದರೆ ಮೂರೇ ಮಾತು. ಅಡ್ಡ ಬಲಗಳ ಮೊತ್ತ ಸೊನ್ನೆ, ಮೇಲೆ-ಕೆಳಗಿನ ಬಲಗಳ ಮೊತ್ತ ಸೊನ್ನೆ, ಯಾವುದೇ ಬಿಂದುವಿನ ಸುತ್ತ ಮೊಮೆಂಟ್‌ಗಳ (ಬಲದ ತಿರುಗಿಸುವ ಶಕ್ತಿ, ಅಂದರೆ ಬಲ ಗುಣಿಸು ಬಿಂದುವಿನಿಂದ ಅದರ ಗೆರೆಗಿರುವ ದೂರ) ಮೊತ್ತವೂ ಸೊನ್ನೆ. ಇವು ಎಲ್ಲರಿಗೂ ಗೊತ್ತು. ಆ ಸಮೀಕರಣಗಳ ಒಳಗೆ ಏನೇನು ಬರಬೇಕು ಅನ್ನೋದನ್ನು ಹೇಳುವುದು ಫ್ರೀ ಬಾಡಿ ಡಯಾಗ್ರಾಮ್, ಅಂದರೆ ವಸ್ತುವನ್ನೊಂದನ್ನೇ ಬರೆದು ಅದರ ಮೇಲಿನ ಬಲಗಳನ್ನೆಲ್ಲ ಬಾಣಗಳಾಗಿ ತೋರಿಸುವ ಚಿತ್ರ. ನಾನು ಅದನ್ನೇ ಹಾರಿಸಿಕೊಂಡು ಹೋಗುತ್ತಿದ್ದೆ.

ಅವತ್ತಿನಿಂದ ಎರಡು ವಾರ ಒಂದು ಕೆಲಸ ಮಾಡಿದೆ. ಲೆಕ್ಕ ಬಿಡಿಸಲೇ ಇಲ್ಲ, ಬರೀ ಚಿತ್ರ ಬರೆದೆ. ದಿನಕ್ಕೆ ಹತ್ತು. ಮೊದಲು ಯಾವ ವಸ್ತುವಿನ ಬಗ್ಗೆ ಯೋಚಿಸುತ್ತಿದ್ದೇನೆ ಅಂತ ಅದರ ಹೆಸರು ಬರೆಯೋದು. ಅದನ್ನೊಂದನ್ನೇ, ಸುತ್ತಲಿನದೆಲ್ಲ ಬಿಟ್ಟು, ಗೆರೆ ಎಳೆದು ಬೇರೆ ಮಾಡೋದು. ಆಮೇಲೆ ಆ ಗೆರೆಯ ಮೇಲೆ ಬೆರಳಿಟ್ಟು ಒಂದು ಸುತ್ತು ಬರೋದು. ಬೇರೆ ಏನಾದರೂ ತಾಗಿದ್ದ ಜಾಗ ಸಿಕ್ಕರೆ ಅಲ್ಲಿ ಬಲ ಇರಲೇಬೇಕು. ತಾಗದೆ ಬರುವ ಬಲ ಅಂದರೆ ಈ ಲೆಕ್ಕಗಳಲ್ಲಿ ಸಾಮಾನ್ಯವಾಗಿ ತೂಕ ಒಂದೇ. ಪ್ರತಿ ಬಾಣಕ್ಕೂ 'ಇದನ್ನು ಯಾರು ಕೊಡುತ್ತಿದ್ದಾರೆ?' ಅಂತ ಕೇಳಿಕೊಳ್ಳುತ್ತಿದ್ದೆ. ಉತ್ತರ ಇಲ್ಲದಿದ್ದರೆ ಬಾಣ ಅಳಿಸುತ್ತಿದ್ದೆ.

ಸಪೋರ್ಟ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡೋದನ್ನೂ ಬಿಟ್ಟೆ. ಇದು ಯಾವ ಚಲನೆಯನ್ನು ತಡೆಯುತ್ತದೆ ಅಂತ ಕೇಳಿದರೆ ಸಾಕು. ರೋಲರ್, ಅಂದರೆ ಉರುಳುವ ಆಧಾರ, ನೆಲಕ್ಕೆ ಲಂಬವಾದ ಚಲನೆಯನ್ನಷ್ಟೇ ತಡೆಯುತ್ತದೆ, ಹಾಗಾಗಿ ಗೊತ್ತಿಲ್ಲದ ಬಲ ಒಂದು. ಪಿನ್, ಅಂದರೆ ಕೀಲಿನಂಥ ಆಧಾರ, ಎರಡು ದಿಕ್ಕಿನಲ್ಲಿ ತಡೆಯುತ್ತದೆ, ತಿರುಗಲು ಬಿಡುತ್ತದೆ, ಹಾಗಾಗಿ ಎರಡು. ಗೋಡೆಯೊಳಗೆ ಹೂತ ತುದಿ ತಿರುಗಲೂ ಬಿಡುವುದಿಲ್ಲ, ಅಲ್ಲಿ ಎರಡು ಬಲ, ಜೊತೆಗೊಂದು ಮೊಮೆಂಟ್.

ಚಿತ್ರ ಸರಿಯಾದ ಮೇಲೆ ಲೆಕ್ಕ ಎಷ್ಟು ಹಗುರ ಅಂತ ಒಂದು ಬೀಮ್‌ನಲ್ಲಿ ತೋರಿಸುತ್ತೇನೆ. 6 ಮೀಟರ್ ಬೀಮ್, ಎಡಕ್ಕೆ ಪಿನ್, ಬಲಕ್ಕೆ ರೋಲರ್. ಎಡದಿಂದ 2 ಮೀಟರ್‌ನಲ್ಲಿ 18 ಕಿಲೋನ್ಯೂಟನ್ ಭಾರ. ಅಲ್ಲಿಂದ ಬಲತುದಿಯವರೆಗೆ ಮೀಟರಿಗೆ 3 ಕಿಲೋನ್ಯೂಟನ್‌ನಂತೆ ಹರಡಿದ ಭಾರ. ಹರಡಿದ್ದು 4 ಮೀಟರ್, ಅಂದರೆ ಒಟ್ಟು 12 ಕಿಲೋನ್ಯೂಟನ್, ಅದರ ನಡುವೆ, ಎಡದಿಂದ 4 ಮೀಟರ್‌ನಲ್ಲಿ. ಮೊಮೆಂಟನ್ನು ಪಿನ್ ಸುತ್ತಲೇ ತೆಗೆದುಕೊಳ್ಳಬೇಕು, ಆಗ ಪಿನ್‌ನ ಎರಡೂ ಬಲಗಳು ಸಮೀಕರಣದಿಂದ ಆಚೆ ಹೋಗುತ್ತವೆ. 18×2 ಮತ್ತು 12×4 ಸೇರಿ 84. ಅದನ್ನು 6ರಿಂದ ಭಾಗಿಸಿದರೆ ರೋಲರ್‌ನಲ್ಲಿ 14. ಒಟ್ಟು ಭಾರ 30, ಹಾಗಾಗಿ ಪಿನ್‌ನಲ್ಲಿ 16. ಇಲ್ಲಿಗೆ ನಿಲ್ಲಿಸಬೇಡಿ. ರೋಲರ್ ಸುತ್ತ ಮತ್ತೆ ಮೊಮೆಂಟ್ ತೆಗೆಯಿರಿ: 18×4 ಮತ್ತು 12×2 ಸೇರಿ 96, ಭಾಗಿಸು 6, ಬಂತು 16. ಈ ಒಂದು ನಿಮಿಷದ ತಾಳೆ ನನ್ನ ಎಷ್ಟೋ ಅಂಕ ಉಳಿಸಿದೆ.

ಘರ್ಷಣೆ ನನ್ನನ್ನು ತುಂಬ ಕಾಡಿದ ಪಾಠ. ನೆಲದ ಮೇಲೆ 100 ನ್ಯೂಟನ್ ತೂಕದ ಪೆಟ್ಟಿಗೆ, ಘರ್ಷಣಾಂಕ (ಗರಿಷ್ಠ ಘರ್ಷಣೆ ನೆಲದ ಒತ್ತಿನ ಎಷ್ಟು ಪಾಲು ಅನ್ನೋ ಸಂಖ್ಯೆ) 0.4, ಅಡ್ಡಲಾಗಿ 30 ನ್ಯೂಟನ್‌ನಿಂದ ತಳ್ಳುತ್ತೇವೆ. ಘರ್ಷಣೆ ಎಷ್ಟು? ನಾನು 100×0.4, ಅಂದರೆ 40 ಅಂತ ಬರೆದಿದ್ದೆ. ಹಾಗಾದರೆ ಪೆಟ್ಟಿಗೆ ತಳ್ಳುವವರ ಕಡೆಗೇ ಓಡಿ ಬರಬೇಕಲ್ವಾ? ಸರಿಯಾದ ಉತ್ತರ 30. ಆ 40 ಅನ್ನೋದು ಘರ್ಷಣೆ ಮುಟ್ಟಬಲ್ಲ ಗರಿಷ್ಠ ಮಿತಿ ಅಷ್ಟೇ. ವಸ್ತು ನಿಲ್ಲಲು ಎಷ್ಟು ಬೇಕೋ ಅಷ್ಟನ್ನೇ ಅದು ಕೊಡುತ್ತದೆ. ಈಗ ಮೊದಲು 'ನಿಲ್ಲಲು ಎಷ್ಟು ಬೇಕು' ಅಂತ ಕಂಡುಹಿಡಿದು, ಆಮೇಲೆ ಮಿತಿಯ ಜೊತೆ ಹೋಲಿಸುತ್ತೇನೆ. ಗುಣಿಸೋದು ಕೊನೆಗೆ.

ಈ ವಿಷಯದ ಮೇಲೆ ನನಗೆ ಪ್ರೀತಿ ಹುಟ್ಟಿಸಿದ್ದು ಮಾತ್ರ ಏಣಿ. 5 ಮೀಟರ್ ಏಣಿ, 200 ನ್ಯೂಟನ್ ತೂಕ, ನುಣುಪು ಗೋಡೆಗೆ ಒರಗಿದೆ, ಬುಡ ಗೋಡೆಯಿಂದ 3 ಮೀಟರ್ ದೂರ, ತುದಿ 4 ಮೀಟರ್ ಎತ್ತರ. ಬುಡದ ಸುತ್ತ ಮೊಮೆಂಟ್ ತೆಗೆದರೆ ಗೋಡೆಯ ಬಲ 4 ಮೀಟರ್ ಎತ್ತರದಲ್ಲಿ, ತೂಕ ಏಣಿಯ ನಡುವೆ, ಅಂದರೆ 1.5 ಮೀಟರ್ ದೂರದಲ್ಲಿ. 200×1.5 ಭಾಗಿಸು 4, ಅಂದರೆ 75 ನ್ಯೂಟನ್. ನೆಲದ ಘರ್ಷಣೆಯೂ ಅಷ್ಟೇ ಕೊಡಬೇಕು. ಗೋಡೆ ನುಣುಪು, ಹಾಗಾಗಿ 200 ನ್ಯೂಟನ್ ತೂಕವನ್ನು ಪೂರ್ತಿ ನೆಲವೇ ಹೊರುತ್ತದೆ. ಬೇಕಾದ ಘರ್ಷಣಾಂಕ 75/200, ಅಂದರೆ 0.375.

ಇದನ್ನೇ ಸಮೀಕರಣ ಇಲ್ಲದೆಯೂ ಮಾಡಬಹುದು. ಏಣಿಯ ಮೇಲೆ ಇರೋದು ಮೂರೇ ಬಲ: ತೂಕ, ಗೋಡೆಯ ಒತ್ತು, ನೆಲದ ಒಟ್ಟು ಬಲ. ಸಮಾನಾಂತರವಲ್ಲದ ಮೂರು ಬಲಗಳು ವಸ್ತುವನ್ನು ನಿಲ್ಲಿಸಬೇಕಾದರೆ ಅವುಗಳ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಲೇಬೇಕು. ಇಲ್ಲದಿದ್ದರೆ ಎರಡು ಸೇರುವ ಬಿಂದುವಿನ ಸುತ್ತ ಮೂರನೆಯದು ಏಣಿಯನ್ನು ತಿರುಗಿಸುತ್ತದೆ. ತೂಕದ ಗೆರೆ ಮತ್ತು ಗೋಡೆಯ ಬಲದ ಗೆರೆ ಸೇರುವ ಜಾಗ ಬುಡದಿಂದ 1.5 ಮೀಟರ್ ಆಚೆ, 4 ಮೀಟರ್ ಮೇಲೆ. ನೆಲದ ಬಲ ಬುಡದಿಂದ ಹೊರಟು ಅಲ್ಲಿಗೇ ಹೋಗಬೇಕು. ಲಂಬ ಗೆರೆಯಿಂದ ಅದರ ವಾಲು 1.5/4, ಅಂದರೆ ಅಡ್ಡ ಬಲಕ್ಕೂ ಮೇಲಿನ ಬಲಕ್ಕೂ ಇರುವ ಅನುಪಾತ. ಅದೇ 0.375! ಸ್ಕೇಲ್ ಹಿಡಿದು ಗೆರೆ ಎಳೆದು ಇದನ್ನು ನೋಡಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಚಿತ್ರ ನೋಡುತ್ತ ಕೂತಿದ್ದೆ. 1586ರಲ್ಲೇ ಫ್ಲೆಮಿಷ್ ಗಣಿತಜ್ಞ ಸೈಮನ್ ಸ್ಟೆವಿನ್ ಇಳಿಜಾರಿನ ಮೇಲೆ ಗುಂಡುಗಳ ಸರ ಹೊದಿಸಿದ ಒಂದು ಚಿತ್ರದಿಂದ ಇಳಿಜಾರಿನ ನಿಯಮವನ್ನು ತೋರಿಸಿದ್ದ ಅಂತ ಆಮೇಲೆ ಓದಿದಾಗ ತುಂಬ ಖುಷಿಯಾಯಿತು.

ಟ್ರಸ್‌ಗಳ, ಅಂದರೆ ತುದಿಗಳಲ್ಲಿ ಜೋಡಿಸಿದ ಕಡ್ಡಿಗಳ ಚೌಕಟ್ಟುಗಳ, ಬಗ್ಗೆ ಹೇಳೋದು ಸ್ವಲ್ಪವೇ. ಭಾರವೂ ಸಪೋರ್ಟೂ ಇಲ್ಲದ ಜೋಡಣೆಯಲ್ಲಿ ಒಂದೇ ನೇರದಲ್ಲಿಲ್ಲದ ಎರಡೇ ಕಡ್ಡಿ ಸೇರಿದ್ದರೆ ಎರಡರಲ್ಲೂ ಬಲ ಸೊನ್ನೆ. ಇಂಥವನ್ನು ಮೊದಲೇ ಹುಡುಕಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಧ್ಯದ ಒಂದು ಕಡ್ಡಿಯದು ಮಾತ್ರ ಕೇಳಿದ್ದರೆ ಜೋಡಣೆ ಜೋಡಣೆಯಾಗಿ ಹೋಗಬೇಡಿ, ಟ್ರಸ್ಸನ್ನೇ ಅಡ್ಡ ಕತ್ತರಿಸಿ ಒಂದು ಭಾಗದ ಚಿತ್ರ ಬರೆಯಿರಿ.

ಫ್ರೇಮ್‌ಗಳಿಗೆ (ಪಿನ್‌ಗಳಿಂದ ಸೇರಿದ, ನಡುವೆಯೂ ಬಲ ಬೀಳಬಹುದಾದ ಭಾಗಗಳ ರಚನೆ) ಈಗಲೂ ನಾನು ಸಮಯ ತೆಗೆದುಕೊಳ್ಳುತ್ತೇನೆ. ಪಿನ್‌ನಿಂದ ಸೇರಿದ ಎರಡು ಭಾಗಗಳನ್ನು ಬಿಡಿಸಿದರೆ ಒಂದರ ಮೇಲೆ ಬಲಗಡೆಗೆ ಹಾಕಿದ ಬಾಣ ಇನ್ನೊಂದರ ಮೇಲೆ ಎಡಗಡೆಗೇ ಬರಬೇಕು, ಹೆಸರೂ ಅದೇ ಇರಬೇಕು. ಅದಕ್ಕೆ ಪ್ರತಿ ಪಿನ್‌ಗೂ ಒಂದೊಂದು ಬಣ್ಣದ ಪೆನ್ಸಿಲ್ ಇಟ್ಟುಕೊಂಡಿದ್ದೇನೆ. ಕೆಂಪು ಬಾಣ ಒಂದು ಚಿತ್ರದಲ್ಲಿದ್ದರೆ ಅದರ ಎದುರು ಕೆಂಪು ಬಾಣ ಪಕ್ಕದ ಚಿತ್ರದಲ್ಲಿ ಇದೆಯಾ ಅಂತ ನೋಡಿ, ಆಮೇಲೆಯೇ ಮೊದಲ ಸಮೀಕರಣ ಬರೆಯುತ್ತೇನೆ.