ಕಿಟಕಿ, ಚಾರ್ಟ್ ಶೀಟ್, ಫೋನ್: ಆಫೀಸಿನ ಫೋಟೊ ನೀವೇ ತೆಗೆಯಿರಿ

ಹೊಸ ಪ್ರಾಡಕ್ಟ್ ಬಂದಿದೆ. ಸಂಜೆಯೊಳಗೆ ಪೋಸ್ಟ್ ಆಗಬೇಕು. ಫೋಟೊಗ್ರಾಫರ್ ಸಿಗುತ್ತಿಲ್ಲ. ಮಾರ್ಕೆಟಿಂಗ್‌ನಲ್ಲಿರುವವರಿಗೆ ಈ ಫಜೀತಿ ಹೊಸದೇನಲ್ಲ. ಯಾರದೋ ಫೋನ್ ಹೊರಬರುತ್ತದೆ, ಟ್ಯೂಬ್‌ಲೈಟ್ ಕೆಳಗೆ ನಾಲ್ಕು ಕ್ಲಿಕ್, ಮೇಲೊಂದು ಫಿಲ್ಟರ್. ಆಮೇಲೆ ನೋಡಿದರೆ ಹೊಚ್ಚ ಹೊಸ ವಸ್ತು ಸೆಕೆಂಡ್ ಹ್ಯಾಂಡ್ ಥರ ಕಾಣುತ್ತಿರುತ್ತದೆ. ಪಾಪ, ಬೈಗುಳ ತಿನ್ನುವುದು ಫೋನು. ಫೋಟೊ ಎಲ್ಲಿಗೆ ಹೋಗುತ್ತದೆ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಿರುವುದಿಲ್ಲ.

ಮೊದಲು: ಎಲ್ಲಿಗೆ ಹೋಗುವ ಫೋಟೊ?

ಒಮ್ಮೆ ನಮ್ಮ ಟೀಮಿನ ಗ್ರೂಪ್ ಫೋಟೊ ತೆಗೆದಿದ್ದೆ. ಫೋನನ್ನು ಉದ್ದುದ್ದ ಹಿಡಿದು, ಎಲ್ಲರನ್ನೂ ಮೂರು ಸಾಲಲ್ಲಿ ನಿಲ್ಲಿಸಿ, ಚೆನ್ನಾಗಿಯೇ ಬಂದಿತ್ತು. ಬೇಕಾಗಿದ್ದದ್ದು ಮಾತ್ರ ವೆಬ್‌ಸೈಟಿನ ಅಡ್ಡ ಬ್ಯಾನರಿಗೆ. ಕ್ರಾಪ್ ಮಾಡಿದಾಗ ಹಿಂದಿನ ಸಾಲಿನವರ ತಲೆಯೇ ಹೋಯಿತು. ಮೂರು ತಿಂಗಳು ಅದೇ ಮಾತು ಕೇಳಿಸಿಕೊಂಡೆ.

ಆದ್ದರಿಂದ ಜಾಗ ತಿಳಿದುಕೊಂಡೇ ಫೋನ್ ಎತ್ತಿ. ಇನ್‌ಸ್ಟಾಗ್ರಾಂ ಫೀಡಿಗೆ 4:5 ಅಳತೆ, ಅಂದರೆ 1080×1350 ಪಿಕ್ಸೆಲ್, ಚೆನ್ನಾಗಿ ಕೂರುತ್ತದೆ. ಲಿಂಕ್ ಜೊತೆ ಕಾಣುವ ಅಡ್ಡ ಚಿತ್ರಕ್ಕೆ 1200×627 ಸುತ್ತಮುತ್ತ ಸಾಕು. ಪ್ರಿಂಟ್ ಬೇರೆಯೇ ಲೆಕ್ಕ: ಇಂಚಿಗೆ 300 ಚುಕ್ಕೆಯಂತೆ ಎ4 ಹಾಳೆ ತುಂಬಲು 2480×3508 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನಿಗೆ ಅದು ಕಷ್ಟವಲ್ಲ, ನೀವು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡದಿದ್ದರೆ. ಎಲ್ಲಿಗೆ ಅಂತ ಇನ್ನೂ ಗೊತ್ತಿಲ್ಲವೇ? ಅಡ್ಡ ಒಂದು, ಉದ್ದ ಒಂದು ತೆಗೆದಿಡಿ, ಸುತ್ತ ಸ್ವಲ್ಪ ಜಾಸ್ತಿ ಜಾಗ ಬಿಟ್ಟು. ಬರಹ ಕೂರಿಸಲೂ ಡಿಸೈನರಿಗೆ ಜಾಗ ಬೇಕಲ್ವಾ?

ಆಮೇಲೆ: ಲೈಟು ಆರಿಸಿ

ಹೌದು, ರೂಮಿನ ಲೈಟೆಲ್ಲ ಆಫ್ ಮಾಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲಿನ ಬೆಳಕು 5500ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಫೋನು ಯಾವುದನ್ನು ಬಿಳಿ ಅಂತ ಹಿಡಿಯಬೇಕು? ವಸ್ತುವಿನ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಆಗುತ್ತದೆ. ಯಾವ ಫಿಲ್ಟರಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಕಿಟಕಿ ಪಕ್ಕಕ್ಕೆ ಒಂದು ಮೇಜು ಎಳೆಯಿರಿ. ಕಿಟಕಿ ಎಡಕ್ಕೋ ಬಲಕ್ಕೋ ಬರಲಿ, ನಿಮ್ಮ ಬೆನ್ನ ಹಿಂದೆ ಬೇಡ. ನೇರ ಬಿಸಿಲು ಬೀಳುತ್ತಿದ್ದರೆ ತೆಳುವಾದ ಬಿಳಿ ಬಟ್ಟೆ ಇಳಿಬಿಡಿ, ನೆರಳು ಮೆತ್ತಗಾಗುತ್ತದೆ. ದೊಡ್ಡದೊಂದು ಬಿಳಿ ಚಾರ್ಟ್ ಶೀಟ್‌ನ ಮೇಲಿನ ಅಂಚನ್ನು ಗೋಡೆಗೆ ಟೇಪ್ ಹಚ್ಚಿ, ಕೆಳಭಾಗವನ್ನು ಮೇಜಿನ ಮೇಲೆ ಜಾರಲು ಬಿಡಿ. ಮಡಿಕೆ ಬೀಳಬಾರದು, ಬಾಗಿಕೊಂಡು ಬರಬೇಕು. ಆಗ ಹಿನ್ನೆಲೆಯಲ್ಲಿ ಗೆರೆಯೇ ಕಾಣುವುದಿಲ್ಲ. ಕಿಟಕಿಯ ಎದುರು ಬದಿಗೆ ಥರ್ಮೋಕೋಲ್ ತುಂಡೊಂದನ್ನು ನಿಲ್ಲಿಸಿದರೆ ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಹತ್ತಿರ ತಂದಷ್ಟೂ ಕಪ್ಪು ಬದಿ ತಿಳಿಯಾಗುತ್ತದೆ.

ಈಗ ಅಲ್ಲಿ ಒಂದು ಸ್ಟೀಲ್ ನೀರಿನ ಬಾಟಲಿ ಇಟ್ಟು ನೋಡಿ. ಬಾಟಲಿ ಕಾಣುವುದಿಲ್ಲ, ನಿಮ್ಮ ಚೌಕುಳಿ ಶರ್ಟು, ಹಿಂದಿನ ಕುರ್ಚಿ, ಪಕ್ಕದಲ್ಲಿ ಇಣುಕುವ ಸಹೋದ್ಯೋಗಿ ಎಲ್ಲ ಕಾಣುತ್ತಾರೆ. ಹೊಳೆಯುವ ವಸ್ತು ಅಂದರೆ ಕನ್ನಡಿಯೇ. ಅದರ ಮುಂದೆ ಏನಿದೆಯೋ ಅದೇ ಅದರ ಬಣ್ಣ. ಆದ್ದರಿಂದ ಎರಡೂ ಪಕ್ಕ ಬಿಳಿ ಹಾಳೆ ನಿಲ್ಲಿಸಿ. ಈಗ ಮೈಯೆಲ್ಲ ನುಣ್ಣಗೆ ಬೆಳ್ಳಗಾಯಿತು, ಆದರೆ ಬಾಟಲಿ ಹಿನ್ನೆಲೆಯಲ್ಲೇ ಕರಗಿಹೋಯಿತು. ಎರಡು ಬೆರಳಗಲದ ಕಪ್ಪು ಕಾಗದದ ಪಟ್ಟಿಗಳನ್ನು ಎರಡೂ ಬದಿಗೆ, ಚೌಕಟ್ಟಿನಿಂದ ಸ್ವಲ್ಪ ಹೊರಗೆ ನಿಲ್ಲಿಸಿ, ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತಾ ಹೋಗಿ. ಒಂದು ಜಾಗದಲ್ಲಿ ಬಾಟಲಿಯ ಅಂಚಿಗೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಮೂಡುತ್ತದೆ. ಅಲ್ಲೇ ನಿಲ್ಲಿಸಿ. ಈ ಕೆಲಸಕ್ಕೆ ಹತ್ತು ನಿಮಿಷ ಹೋದರೂ ಹೋಗಲಿ, ಆಮೇಲೆ ಒಂದು ಗಂಟೆಯ ಎಡಿಟಿಂಗ್ ತಪ್ಪುತ್ತದೆ.

ಈಗ ಫೋನ್

ಲೆನ್ಸ್ ಒರೆಸಿ. ದಿನವಿಡೀ ಬೆರಳು ತಾಗಿರುತ್ತದೆ. ಮಬ್ಬು ಫೋಟೊಗಳಲ್ಲಿ ಎಷ್ಟೋ ಬರೀ ಜಿಡ್ಡಿನ ಕಥೆ.

ವಸ್ತುವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಊದಿಕೊಳ್ಳುತ್ತದೆ, ಹಿಂದಿನದು ಸಣ್ಣಗಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಜೂಮ್ 2ಎಕ್ಸ್ ಇಟ್ಟುಕೊಳ್ಳಿ. ಅದಿಲ್ಲದ ಫೋನಾದರೆ 1ಎಕ್ಸ್‌ನಲ್ಲೇ ಹಿಂದೆ ನಿಂತು ತೆಗೆದು ಆಮೇಲೆ ಕ್ರಾಪ್ ಮಾಡಿ. ಆಕಾರ ಅಷ್ಟೇ ಸರಿಯಾಗಿ ಬರುತ್ತದೆ, ಪಿಕ್ಸೆಲ್ ಮಾತ್ರ ಕಡಿಮೆ. ಫೋನು ಬಾಟಲಿಯ ನಡುಮಟ್ಟಕ್ಕೆ ಇರಲಿ, ಮೇಲಿನಿಂದ ಬಗ್ಗಿಸಿದರೆ ಬುಡ ಚಿಕ್ಕದಾಗಿ ಕಾಣುತ್ತದೆ.

ವಸ್ತುವಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಬಿಳಿ ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗಿತೇ? ಕ್ಯಾಮೆರಾ ಕಂಡದ್ದನ್ನೆಲ್ಲ ನಡುಬೂದಿ ಅಂದುಕೊಂಡೇ ಬೆಳಕು ಅಳೆಯುತ್ತದೆ, ಅದಕ್ಕೇ ಬಿಳಿಯನ್ನು ಕೆಳಗಿಳಿಸುತ್ತದೆ. ಸ್ಕ್ರೀನಿನ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕಪ್ಪು ವಸ್ತು, ಕಪ್ಪು ಹಿನ್ನೆಲೆಯಾದರೆ ಕೆಳಕ್ಕೆ. ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಗುವ ಪ್ರಶ್ನೆಯೇ ಇಲ್ಲ.

ಮನುಷ್ಯರ ಫೋಟೊ

ಪ್ರೊಫೈಲ್ ಫೋಟೊಗೂ ಅದೇ ಕಿಟಕಿ ಸಾಕು. ಗೋಡೆಗೆ ಅಂಟಿ ನಿಲ್ಲಿಸಬೇಡಿ, ನಾಲ್ಕೈದು ಅಡಿ ಮುಂದೆ ಬರಲಿ. ಫೋನು ಅವರ ಕಣ್ಣಿನ ಮಟ್ಟಕ್ಕೆ. ಕನ್ನಡಕ ಹೊಳೆದರೆ ಗದ್ದ ಸ್ವಲ್ಪ ಕೆಳಗಿಳಿಸಲು ಹೇಳಿ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಕೂದಲಿನ ಅಂಚು, ಕನ್ನಡಕದ ಕಡ್ಡಿಯನ್ನೂ ಸುಮ್ನೆ ನುಂಗಿಬಿಡುತ್ತದೆ. "ನಗಿ" ಅಂದರೆ ಯಾರೂ ನಗುವುದಿಲ್ಲ. ನಿನ್ನೆಯ ಮೀಟಿಂಗ್ ಬಗ್ಗೆ ಏನಾದರೂ ಕೇಳಿ, ಮಾತಾಡುತ್ತಿರುವಾಗ ಇಪ್ಪತ್ತು ಕ್ಲಿಕ್ ಮಾಡಿ. ಅರ್ಧ ಫೋಟೊಗಳಲ್ಲಿ ಕಣ್ಣು ಮುಚ್ಚಿರುತ್ತಾರೆ. ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಕಳಿಸುವ ಮುನ್ನ

ಎಡಿಟಿಂಗ್‌ನಲ್ಲಿ ನೆಟ್ಟಗೆ ಮಾಡುವುದು, ಕ್ರಾಪ್, ಬೆಳಕು, ಇಷ್ಟಕ್ಕೆ ನಿಲ್ಲಿಸಿ. ಬಣ್ಣ ಮುಟ್ಟುವುದಾದರೆ ವಸ್ತುವನ್ನು ಸ್ಕ್ರೀನಿನ ಪಕ್ಕದಲ್ಲೇ ಹಿಡಿದು ಹೋಲಿಸಿ. ಫೋಟೊದಲ್ಲಿ ಕಡುಗೆಂಪು, ಡಬ್ಬ ತೆರೆದರೆ ಇಟ್ಟಿಗೆ ಬಣ್ಣ ಅಂದರೆ ಕೊಂಡವರು ವಾಪಸ್ ಕಳಿಸುತ್ತಾರೆ.

ಹಿನ್ನೆಲೆಯನ್ನು ಜೂಮ್ ಮಾಡಿ ಒಮ್ಮೆ ನೋಡಿ. ಬೋರ್ಡಿನ ಮೇಲೆ ಮುಂದಿನ ತಿಂಗಳ ಪ್ಲಾನ್, ಯಾರದೋ ಲ್ಯಾಪ್‌ಟಾಪಿನಲ್ಲಿ ತೆರೆದ ಇಮೇಲ್, ಕೊರಳಲ್ಲಿ ನೇತಾಡುವ ಐಡಿ ಕಾರ್ಡ್ ಇಂಥವು ಸದ್ದಿಲ್ಲದೆ ಹೊರಗೆ ಹೋಗಿಬಿಡುತ್ತವೆ. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಫೋಟೊ ಫೈಲಿನೊಳಗೆ ಜಾಗದ ವಿವರವೂ ಕೂತಿರುತ್ತದೆ. ಬೇಡವೆನಿಸಿದರೆ ಫೋಟೊ ತೆಗೆಯುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ತೆಗೆದುಬಿಡಿ.

ಡಿಸೈನರಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಎಡಿಟ್ ಮಾಡದ ಮೂಲ ಫೈಲನ್ನು ಪ್ರಾಡಕ್ಟಿನ ಹೆಸರು, ತಾರೀಕು ಹಾಕಿ ಬೇರೆ ಫೋಲ್ಡರಿನಲ್ಲಿಡಿ. ಆರು ತಿಂಗಳ ಮೇಲೆ ಯಾರೋ ಬಂದು "ಆ ಬಾಟಲಿ ಫೋಟೊ ದೊಡ್ಡದಾಗಿ ಇದೆಯಾ, ಸ್ಟಾಲಿಗೆ ಬ್ಯಾನರ್ ಮಾಡಿಸಬೇಕು" ಅಂತ ಕೇಳಿಯೇ ಕೇಳುತ್ತಾರೆ.