ಕರಡು ನಿಯಮಕ್ಕೆ ಆಕ್ಷೇಪಣೆ ಬರೆಸುವ ಮುನ್ನ

ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿ ಆಕ್ಷೇಪಣೆ ಕೇಳಿದಾಗ, ಧಾರವಾಡದ ಕೋರ್ಟಿನ ಹತ್ತಿರವಿರುವ ನನ್ನ ಟೈಪಿಂಗ್ ಅಂಗಡಿಗೆ ಕಾರ್ಖಾನೆಗಳ ಸಂಘದವರೂ ಬರುತ್ತಾರೆ, ರೈತರೂ ಬರುತ್ತಾರೆ. ರೈತರು "ಈ ನಿಯಮ ಕೈಬಿಡಿ" ಎಂದು ಬರೆಸಿ ನೂರು ಸಹಿ ಹಾಕಿಸುತ್ತಾರೆ. ಸಂಘದವರು ಮಾತ್ರ ಇಂಥ ಕಲಮಿನಲ್ಲಿ "ಒಂದು ವರ್ಷ" ತೆಗೆದು "ಮೂರು ವರ್ಷ" ಸೇರಿಸಿ ಎಂದು ಬರೆಸುತ್ತಾರೆ. ಕಡತ ನೋಡುವ ಅಧಿಕಾರಿಗೆ ಯಾವುದು ಸಲೀಸು, ನೀವೇ ಹೇಳಿ.

ಹಾಗಾಗಿ ಅರ್ಜಿಯಲ್ಲಿ ಮೊದಲು ಕಲಮಿನ ಸಂಖ್ಯೆ, ಅದರ ಕೆಳಗೆ ಈಗಿರುವ ವಾಕ್ಯ, ಆಮೇಲೆ ನೀವು ಬಯಸುವ ವಾಕ್ಯ ಇರಲಿ. ಕಾರಣಕ್ಕೆ ನಿಮ್ಮ ಕೈಯಲ್ಲಿರುವ ಕಾಗದವನ್ನೇ ಲಗತ್ತಿಸಿ. ಗದಗದ ಕಡೆಯ ಒಬ್ಬರು ಗಾಳಿಯಂತ್ರಕ್ಕೆ ಹೊಲ ಕೊಟ್ಟ ಕರಾರುಪತ್ರವನ್ನೇ ತಂದಿದ್ದರು. ಹತ್ತು ಪುಟದ ಭಾಷಣಕ್ಕಿಂತ ಅದು ಮೇಲು.

ಗಡುವು ಚಿಕ್ಕದು. ಪರಿಸರ ಸಂರಕ್ಷಣಾ ಕಾಯ್ದೆಯಡಿಯ ಕರಡಿಗೆ ಸಾಮಾನ್ಯವಾಗಿ 60 ದಿನ. ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮುಂತಾದ ಕಾರ್ಖಾನೆಗಳ ಇಂಗಾಲ ಹೊರಸೂಸುವಿಕೆಗೆ ಗುರಿ ಹಾಕುವ ಕರಡು 2025ರ ಏಪ್ರಿಲ್‌ನಲ್ಲಿ ಬಂತು, ಅಕ್ಟೋಬರ್‌ನಲ್ಲಿ ಅಂತಿಮವಾಯಿತು. ಸಂಘದವರು ಮೊದಲ ವಾರವೇ ಬರುತ್ತಾರೆ, ನಮ್ಮವರು ಐವತ್ತೆಂಟನೆಯ ದಿನ, ಅದೂ ಸಂಜೆ. ಪತ್ರಿಕೆಯಲ್ಲಿ ಬರಲೆಂದು ಕಾಯಬೇಡಿ; ಕರಡುಗಳು ಪ್ರಕಟವಾಗುವ ಕೇಂದ್ರದ ಇ-ರಾಜಪತ್ರ (ಆನ್‌ಲೈನ್ ಗೆಜೆಟ್) ನೋಡುತ್ತಿರಿ.

ಕರಡು ಹೆಚ್ಚಾಗಿ ಹಿಂದಿ, ಇಂಗ್ಲಿಷಿನಲ್ಲೇ ಇರುತ್ತದೆ. 2020ರ ಪರಿಸರ ಪರಿಣಾಮ ಅಂದಾಜಿನ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ, ಕನ್ನಡವೂ ಸೇರಿದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಗಡುವನ್ನು ಆಗಸ್ಟ್ 11ರವರೆಗೆ ಮುಂದೂಡಿದ್ದೂ ಅದೇ. ನೀವು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಪ್ರತಿಯನ್ನೂ ಜೊತೆಗಿಡಿ. ಸ್ವಾಭಿಮಾನದ ಪ್ರಶ್ನೆ ಬೇರೆ, ಓದಿಸುವ ಪ್ರಶ್ನೆ ಬೇರೆ.

ಕಳಿಸಿ ಸುಮ್ಮನಾಗುವುದು ನಮ್ಮ ದೊಡ್ಡ ತಪ್ಪು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ 2015ರ ಡಿಸೆಂಬರ್‌ನಲ್ಲಿ ಮಿತಿ ಬಂತು, ಎರಡು ವರ್ಷದಲ್ಲಿ ಪಾಲಿಸಬೇಕಿತ್ತು. ಖರ್ಚು ಹೆಚ್ಚು, ಸಮಯ ಸಾಲದು ಎಂದು ಉತ್ಪಾದಕರು ಮತ್ತೆ ಮತ್ತೆ ಬಾಗಿಲು ತಟ್ಟಿದರು. ಗಡುವು 2022ಕ್ಕೆ ಹೋಯಿತು, ಆಮೇಲೆ ಇನ್ನೂ ಮುಂದಕ್ಕೆ. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಹತ್ತು ವರ್ಷ ಒಂದೇ ಮಾತು ಹಿಡಿದು ಓಡಾಡುವುದಕ್ಕೆ ಸಂಬಳದ ಜನ ಬೇಕು; ನಮ್ಮಲ್ಲಿ ಅದಿಲ್ಲ, ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಿದೆ. ಅಂತಿಮ ನಿಯಮ ಬಂದ ಮೇಲೆ, ಬಂದ ಆಕ್ಷೇಪಣೆಗಳ ಪಟ್ಟಿಯನ್ನೂ ಅವುಗಳ ಮೇಲಿನ ಟಿಪ್ಪಣಿಯನ್ನೂ ಕೇಳಿ.

ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟನ್ನೂ ಮಾಡಿ. ರಸೀದಿಯನ್ನು ಅಂದೇ ಜೆರಾಕ್ಸ್ ಮಾಡಿಸಿ. ಅಕ್ಷರ ಅಳಿಸಿಹೋದ ಎರಡು ರಸೀದಿಗಳು ನನ್ನ ಡ್ರಾಯರಿನಲ್ಲಿವೆ.