ಕಿಟಕಿಗೆ ಬಂದ ಗುಲಗಂಜಿ ಹುಳು: ನಮ್ಮದಾ, ಹೊರಗಿನದಾ?

ಮಳೆ ನಿಂತು ಅಕ್ಟೋಬರ್ ಬಿಸಿಲು ಏರಿತೆಂದರೆ, ಪುಣೆಯ ಕೋಥ್ರುಡ್‌ನಲ್ಲಿರುವ ನಮ್ಮ ಮನೆಯ ಟ್ಯೂಬ್‌ಲೈಟಿನ ಕೆಳಗೆ ಚುಕ್ಕೆ ಹುಳುಗಳು ಬೀಳತೊಡಗುತ್ತವೆ. ಕಳೆದ ವರ್ಷ ಪಕ್ಕದ ಮನೆಯ ಕಾಕೂ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಕುಂಕುಮದ ಖಾಲಿ ಡಬ್ಬಿ ಹಿಡಿದು ಬಂದರು. ‘ಇದು ಚೀನಾದ ಹುಳವಂತೆ ನೋಡಿ. ಗೋಡೆ ತುಂಬ ಸೇರಿಕೊಳ್ಳುತ್ತಂತೆ, ಕಚ್ಚುತ್ತಂತೆ.’ ಡಬ್ಬಿಯಲ್ಲಿದ್ದದ್ದು ನಮ್ಮದೇ ಗುಲಗಂಜಿ ಹುಳು, ಇಂಗ್ಲಿಷಿನ ಲೇಡಿಬರ್ಡ್. ದಾಸವಾಳದ ಹೇನು ತಿನ್ನಲು ಬಾಲ್ಕನಿಗೆ ಬಂದು, ರಾತ್ರಿ ದೀಪ ಕಂಡು ಒಳಗೆ ಸಿಕ್ಕಿಕೊಂಡಿತ್ತು, ಪಾಪ.

ಕಾಕೂ ನೋಡಿದ ವಿಡಿಯೊ ಸುಳ್ಳಲ್ಲ. ಊರು ಮಾತ್ರ ಬೇರೆ. ಹಾರ್ಲೆಕ್ವಿನ್ ಎಂಬ ಗುಲಗಂಜಿ ಹುಳುವಿನ ತವರು ಚೀನಾ, ಜಪಾನ್, ಕೊರಿಯಾ, ಸೈಬೀರಿಯಾದ ಕಡೆ. ಗಿಡದ ಹೇನು ತಿನ್ನಲಿ ಎಂದು ಅಮೆರಿಕದವರು ತಾವೇ ತರಿಸಿಕೊಂಡರು. 1988ರಲ್ಲಿ ಅದು ಲೂಸಿಯಾನಾದಲ್ಲಿ ಬೇರೂರಿದ್ದು ಗೊತ್ತಾಯಿತು. 2004ರಲ್ಲಿ ಬ್ರಿಟನ್ನಿನಲ್ಲೂ ಕಂಡಿತು. ಅಲ್ಲಿ ಹಿಮ ಬೀಳುವ ಮೊದಲು ಬೆಚ್ಚಗಿನ ಮೂಲೆ ಹುಡುಕಿ ಹಿಂಡುಹಿಂಡಾಗಿ ಮನೆಗೆ ನುಗ್ಗುತ್ತದೆ. ಪುಣೆಯ ಡಿಸೆಂಬರ್‌ಗೆ ಒಂದು ಸ್ವೆಟರ್ ಸಾಕು, ಹುಳುವಿಗೆ ನಮ್ಮ ಬೆಡ್‌ರೂಮ್ ಯಾಕೆ ಬೇಕು? ಹತ್ತು ವರ್ಷದಿಂದ ನೋಡುತ್ತಿದ್ದೇನೆ, ನಮ್ಮ ಮನೆಯಲ್ಲಿ ಒಂದೂ ಸಿಕ್ಕಿಲ್ಲ. ಸಿಗುವುದು ಬೇರೆ ನಾಲ್ಕೈದು ಜಾತಿ. ಅವುಗಳಲ್ಲಿ ಹೊರಗಿನವೂ ಇವೆ, ಆದರೆ ತಂಟೆ ಮಾಡುವವು ಅವಲ್ಲ.

ಮೊದಲು ಹಿಡಿಯಿರಿ

ಪೊರಕೆ ಬೇಡ, ಸ್ಪ್ರೇ ಬೇಡ. ಗಾಜಿನ ಲೋಟ ಕವುಚಿ ಹಾಕಿ, ಕೆಳಗೆ ದಪ್ಪ ಕಾಗದ ತೂರಿಸಿ. ಒತ್ತಿ ಹಿಡಿದರೆ ಗುಲಗಂಜಿ ಹುಳು ಮೊಣಕಾಲಿನಿಂದ ಹಳದಿ ರಸ ಬಿಡುತ್ತದೆ. ಕೆಟ್ಟ ವಾಸನೆ, ಬಿಳಿ ಪರದೆಗೆ ತಾಗಿದರೆ ಕಲೆ. ಹಕ್ಕಿ ತಿನ್ನದಿರಲಿ ಎಂದು ಅದು ಮಾಡಿಕೊಂಡ ಉಪಾಯ ಅದು. ತುಂಬ ಓಡಾಡುತ್ತಿದ್ದರೆ ಡಬ್ಬಿಯಲ್ಲಿ ಹಾಕಿ ಐದು ನಿಮಿಷ ಫ್ರಿಜ್‌ನಲ್ಲಿಡಿ. ಸಾಯುವುದಿಲ್ಲ, ಸುಮ್ನೆ ಕೂರುತ್ತದೆ. ಆಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ.

ಗಾತ್ರ ಅಳೆಯಲು ಸ್ಕೇಲ್ ಬೇಡ, ಅಡುಗೆಮನೆಯ ಡಬ್ಬಿ ಸಾಕು. ತೊಗರಿಬೇಳೆಯಷ್ಟಿದ್ದರೆ ಮುಂದೆ ಓದಿ. ಎಳ್ಳಿನಷ್ಟೇ ಇದ್ದು ಮೈಯೆಲ್ಲ ಕಂದು ಬಿಳಿ ಮಚ್ಚೆಯಾಗಿದ್ದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಮಿಂಚುತ್ತದೋ, ಮಂಕೋ?

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಚುಕ್ಕೆ ಎಣಿಸುತ್ತಾ ಕೂರುವುದು ಆಮೇಲಿನ ಮಾತು. ಮೊಬೈಲ್ ಟಾರ್ಚ್ ಹಾಕಿ. ಬೆನ್ನು ಪಾಲಿಶ್ ಹಾಕಿದ ಹಾಗೆ ಹೊಳೆದರೆ ಬಹುಮಟ್ಟಿಗೆ ಹೇನು ತಿನ್ನುವ ಸ್ನೇಹಿತ. ನಮ್ಮ ಕಡೆ ಜಾಸ್ತಿ ಸಿಗುವುದು ಎರಡು. ಒಂದರ ಕಿತ್ತಳೆ ಬೆನ್ನಿನ ಮೇಲೆ ಕಪ್ಪು ಅಂಕುಡೊಂಕು ಗೆರೆಗಳು, ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಗೀಚಿದ ಹಾಗೆ. ಇನ್ನೊಂದು ಕಡುಗೆಂಪು, ನಡುವೆ ಉದ್ದಕ್ಕೆ ಕಪ್ಪು ಪಟ್ಟಿ, ಎರಡೂ ಕಡೆ ಕಪ್ಪು ಮಚ್ಚೆ. ಪಠ್ಯಪುಸ್ತಕದ ಏಳು ಚುಕ್ಕೆಯದೂ ಆಗೀಗ ಬರುತ್ತದೆ. ಆ ಕಡೆ ಮೂರು, ಈ ಕಡೆ ಮೂರು, ನಡುವೆ ಹಂಚಿಕೊಂಡ ಒಂದು. ಅಚ್ಚ ನಿಂಬೆ ಹಳದಿ ಬಣ್ಣದ, ಚುಕ್ಕೆಯಿಲ್ಲದ ಬೆನ್ನಿನ ಹುಳು ಕಂಡರೆ ಅದು ಹೇನನ್ನಲ್ಲ, ಎಲೆಯ ಮೇಲಿನ ಬೂದಿ ರೋಗದ ಬೂಷ್ಟನ್ನು ಮೇಯುತ್ತದೆ. ಸೌತೆ, ಕುಂಬಳದ ಬಳ್ಳಿ ಇದ್ದವರು ಅದನ್ನು ಕೈ ಮುಗಿದು ಬಿಟ್ಟುಬಿಡಿ.

ಬೆನ್ನು ಮಂಕಾಗಿದ್ದು, ಪಕ್ಕದಿಂದ ನೋಡಿದರೆ ಸಣ್ಣ ರೋಮ ಕಂಡರೆ? ಅದು ಎಪಿಲಾಕ್ನಾ. ತಾಮ್ರದ ಬಣ್ಣ, 28ರವರೆಗೂ ಚುಕ್ಕೆ. ಗುಲಗಂಜಿ ಹುಳುವಿನ ಕುಟುಂಬವೇ, ಈ ನೆಲದ್ದೇ, ಆದರೆ ಎಲೆ ತಿನ್ನುತ್ತದೆ. ಬದನೆ ಎಲೆ ಹಸಿರನ್ನೆಲ್ಲ ಕಳೆದುಕೊಂಡು ಜರಡಿಯಂತಾಗಿದ್ದರೆ ಇದರದೇ ಕೆಲಸ. ಎಲೆ ತಿರುವಿ ನೋಡಿ. ಹಳದಿ ಬಣ್ಣದ ಮುಳ್ಳು ಮುಳ್ಳಾದ ಮರಿಗಳು ಅಲ್ಲೇ ಇರುತ್ತವೆ. ಇವನ್ನು ಕೈಯಿಂದಲೇ ಆರಿಸಿ ಸೋಪು ನೀರಿಗೆ ಹಾಕಿ. ಬಾಲ್ಕನಿಯ ಎರಡು ಬದನೆ ಗಿಡಕ್ಕೆ ಔಷಧಿ ಹೊಡೆಯುವಷ್ಟು ದೊಡ್ಡ ವಿಷಯವಲ್ಲ ಇದು.

ಹಾರ್ಲೆಕ್ವಿನ್ ಅನುಮಾನ ಇನ್ನೂ ಹೋಗದಿದ್ದರೆ ತಲೆಗೂ ರೆಕ್ಕೆಗೂ ನಡುವಿನ ಬಿಳಿ ಪಟ್ಟಿ ನೋಡಿ. ಅಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರದಂಥ ಕಪ್ಪು ಗುರುತು ಅದರ ಲಕ್ಷಣ. ಅದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಫೋಟೊಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ಗೊತ್ತಿರುವವರು ನೋಡಿ ಹೇಳುತ್ತಾರೆ.

ಯಾವ ಗಿಡದಿಂದ ಬಂತು?

ಇಲ್ಲಿಯ ನರ್ಸರಿಯವರು ಗಿಡದ ಹೇನಿಗೆ ‘ಮಾವಾ’ ಅನ್ನುತ್ತಾರೆ. ಹೊಸದಾಗಿ ಬಂದಾಗ ನನಗೆ ಪೇಡಾ ಅಂಗಡಿಯ ಖೋವಾ ನೆನಪಾಗಿತ್ತು. ದಾಸವಾಳದ ಕುಡಿಗೆ ಮಾವಾ ಹತ್ತಿದ್ದರೆ ಮನೆಯೊಳಗಿನ ಚುಕ್ಕೆ ಹುಳು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಮಳೆಗಾಲದಲ್ಲಿ ಬೆಣ್ಣೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಬಳುಕಿದಂತಿರುವ ಹುಳು ಬಂದರೆ ಕಾಂಪೌಂಡ್ ಆಚೆ ಇಣುಕಿ. ಖಾಲಿ ಜಾಗದ ತುಂಬ ಕಾಂಗ್ರೆಸ್ ಗಿಡ ಇರಬೇಕು, ಇಲ್ಲಿಯವರ ಗಾಜರ್ ಗವತ್. ಇದು ಗುಲಗಂಜಿ ಹುಳುವೇ ಅಲ್ಲ, ಎಲೆ ತಿನ್ನುವ ಜೈಗೋಗ್ರಾಮಾ ದುಂಬಿ, ಮೆಕ್ಸಿಕೊದ್ದು. ಮೀಸೆ ನೋಡಿದರೂ ಗೊತ್ತಾಗುತ್ತದೆ. ಗುಲಗಂಜಿ ಹುಳುವಿನ ಮೀಸೆ ಗಿಡ್ಡ, ತುದಿಯಲ್ಲಿ ಗುಂಡಗೆ. ಇದರದ್ದು ಉದ್ದ. ಕಾಂಗ್ರೆಸ್ ಗಿಡ ನಮ್ಮ ದೇಶದಲ್ಲಿ ಸುದ್ದಿಯಾದದ್ದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಅದನ್ನು ತಿನ್ನಲಿ ಎಂದು ಈ ದುಂಬಿಯನ್ನು 1984ರಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲಿ. ಸೂರ್ಯಕಾಂತಿಗೂ ಬಾಯಿ ಹಾಕುತ್ತದೆ ಎಂದು ಒಮ್ಮೆ ಕರ್ನಾಟಕದಲ್ಲಿ ಗಲಾಟೆಯಾದದ್ದೂ ಉಂಟು. ಏನೇ ಇರಲಿ, ಪುಣೆಯ ಕಳೆಗೆ ಬೆಂಗಳೂರಿನಿಂದ ಹುಳು ಬಂದದ್ದು ಇಲ್ಲಿರುವ ಕನ್ನಡಿಗರಿಗೆ ಜಂಬ ಕೊಚ್ಚಿಕೊಳ್ಳಲು ಒಳ್ಳೆಯ ವಿಷಯ, ಅಲ್ವಾ?

ಇನ್ನೊಂದು ಹೊರಗಿನ ನೆಂಟ ಆಸ್ಟ್ರೇಲಿಯಾದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು. ಕಾಫಿ ತೋಟದ ಕೀಟಕ್ಕೆಂದು 1898ರಲ್ಲೇ ಬಂದದ್ದು. ಈಗ ದ್ರಾಕ್ಷಿ ತೋಟದಲ್ಲಿ ರಸ ಹೀರುವ ಬಿಳಿ ಹಿಟ್ಟು ತಿಗಣೆಗೆ (ಮೀಲಿಬಗ್) ಇದನ್ನು ಬಿಡುತ್ತಾರೆ. ಮೈ ಕಪ್ಪು, ತಲೆ ಮತ್ತು ಹಿಂಭಾಗ ಕಿತ್ತಳೆ. ತಪ್ಪಾಗುವುದು ದೊಡ್ಡ ಹುಳುವಿನಲ್ಲಲ್ಲ, ಮರಿಯಲ್ಲಿ. ಮರಿ ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ನಾನೇ ಒಮ್ಮೆ ಹಳೆಯ ಟೂತ್‌ಬ್ರಷ್ ಹಿಡಿದು ಏಳೆಂಟನ್ನು ಉಜ್ಜಿ ಹಾಕಿದ್ದೆ. ಅವುಗಳಲ್ಲೊಂದು ಹಿಟ್ಟು ತಿಗಣೆಗಿಂತ ಎರಡು ಮೂರು ಪಟ್ಟು ಉದ್ದವಿದ್ದು, ಬೆರಳು ತಾಗಿಸಿದಾಗ ಸರಸರ ಓಡಿದ ಮೇಲೆ ತಪ್ಪು ಗೊತ್ತಾಯಿತು. ಹಿಟ್ಟು ತಿಗಣೆ ಹೀಗೆ ಓಡುವುದಿಲ್ಲ. ಬ್ರಷ್ ಹಾಕುವ ಮೊದಲು ಕಡ್ಡಿಯಿಂದ ಮುಟ್ಟಿ ನೋಡಿ.

ಎಳ್ಳಿನಷ್ಟಿದ್ದರೆ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇದು. ಗುಂಡಗೆ, ಪುಟ್ಟದಾಗಿ, ಕಿಟಕಿಯ ಗಾಜಿನ ಬುಡದಲ್ಲಿ ಬಿದ್ದಿರುತ್ತದೆ. ಮರಿ ಗುಲಗಂಜಿ ಹುಳು ಅಂದುಕೊಳ್ಳುತ್ತೇವೆ. ಆದರೆ ಗುಲಗಂಜಿ ಹುಳುವಿನ ಮರಿ ದುಂಡಗಿರುವುದೇ ಇಲ್ಲ. ಉದ್ದಕ್ಕೆ, ಪುಟಾಣಿ ಮೊಸಳೆಯ ಹಾಗಿರುತ್ತದೆ. ಇದು ಕಾರ್ಪೆಟ್ ಬೀಟಲ್. ಬೆಳೆದ ಹುಳು ಹೂವಿನ ಪರಾಗ ತಿನ್ನುತ್ತದೆ, ಹೊರಗೆ ಹೋಗಲು ಬೆಳಕಿನ ಕಡೆ ಹಾರಿ ಗಾಜಿಗೆ ಬಡಿಯುತ್ತದೆ. ಅದರ ರೋಮಭರಿತ ಮರಿ ತಿನ್ನುವುದು ಉಣ್ಣೆ, ರೇಷ್ಮೆ, ಹಕ್ಕಿ ಗರಿ, ಸತ್ತ ಹುಳು.

ನಮ್ಮ ಮನೆಯಲ್ಲಿ ಅಮ್ಮನ ಇಳಕಲ್ ಸೀರೆಯ ರೇಷ್ಮೆ ಸೆರಗಿನಲ್ಲಿ ಮೂರು ತೂತು ಬಿದ್ದ ಮೇಲೆ ಹುಡುಕಾಟ ಶುರುವಾಯಿತು. ಕಪಾಟು ಖಾಲಿ ಮಾಡಿದೆವು, ನುಸಿಗುಳಿಗೆ ತುಂಬಿದೆವು, ಹುಳು ಮತ್ತೆ ಬಂತು. ಕೊನೆಗೆ ಸಿಕ್ಕಿದ್ದು ಏಸಿಯ ಹೊರಗಿನ ಡಬ್ಬದ ಹಿಂದೆ: ಪಾರಿವಾಳದ ಹಳೆಯ ಗೂಡು, ಗರಿಯ ರಾಶಿ, ಅದರೊಳಗೆ ಮರಿಗಳು.

ಹಾಗಾಗಿ ಹೀಗೆ ಮಾಡಿ. ಖಾಲಿಯಾದ ಗೂಡಾದರೆ ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ತೆಗೆಯಿರಿ. ಒಣಗಿದ ಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ. ಮೊಟ್ಟೆ, ಮರಿ ಇದ್ದರೆ ಅವು ಹಾರಿಹೋಗುವವರೆಗೆ ಕಾಯಿರಿ, ಆಮೇಲೆ ಬಲೆ ಹಾಕಿಸಿ. ಸೀರೆಗಳನ್ನು ಬಿಸಿಲಿಗೆ ಹರವಿ, ಮಡಿಕೆ ಬಿಡಿಸಿ ಕೊಡವಿ. ರೇಷ್ಮೆಗೆ ಬೆಳಗಿನ ಎಳೆ ಬಿಸಿಲು ಸಾಕು, ಮಧ್ಯಾಹ್ನದ ಬಿಸಿಲಿಗೆ ಬಣ್ಣ ಹೋಗುತ್ತದೆ. ಕಪಾಟಿನ ಮೂಲೆ, ಮಂಚದ ಕೆಳಗೆ, ಟ್ಯೂಬ್‌ಲೈಟಿನ ಪಟ್ಟಿಯಲ್ಲಿ ಸತ್ತು ಬಿದ್ದ ಹುಳು ಎಲ್ಲವನ್ನೂ ವ್ಯಾಕ್ಯೂಮ್‌ನಿಂದ ಎಳೆದು ಚೀಲವನ್ನು ಮನೆಯ ಹೊರಗೆ ಖಾಲಿ ಮಾಡಿ. ಆಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಕಿಟಕಿಯ ಬುಡ ಒರೆಸುವಾಗ ಬಟ್ಟೆಗೆ ಏನು ಬಂತು ನೋಡಿ. ಮತ್ತೆ ಎಳ್ಳು ಗಾತ್ರದವು ಬಂದರೆ ಇನ್ನೊಂದು ಗೂಡು ಎಲ್ಲೋ ಇದೆ. ನಮ್ಮದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆಯಲ್ಲಿತ್ತು.